ಶೆಡ್ಡಿನ ಮುಂದೆಯೇ ಯಾಕೆ ಢಂ?

ಢಂ!!

ಆ ಸದ್ದಿಗೆ ಪುಟ್ಟಿಯ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಶೆಡ್ಡಿನ ಮುಂದೆ ಕೂತಿದ್ದ ಗಿರಾಕಿ ಬೆಚ್ಚಿಬಿದ್ದು ಎದ್ದು ನಿಂತ. ಎದುರು ಮನೆಯ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಪುಟ್ಟಿ ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. ಅವನೇ! ಮತ್ತೆ ಅವನೇ!

ಬೂದು ಬಣ್ಣದ ಹಳೇ ಗೇರ್ ಸ್ಕೂಟರು ಸರಿಯಾಗಿ ಶೆಡ್ಡಿನ ಬಾಗಿಲಿಗೆ ಬಂದು, ಒಮ್ಮೆ ಕೆಮ್ಮಿ, ತಣ್ಣಗಾಗಿತ್ತು. ಅದರ ಪಕ್ಕದಲ್ಲಿ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು, ಏನೂ ಅರಿಯದವನ ಹಾಗೆ ನಿಂತಿದ್ದ... ಹಲ್ಲಿನವನು.

ಆ ಹೆಸರಿಟ್ಟವಳು ಅವಳೇ. ಇಳಿಜಾರಿನ ಬೀದಿಯ ಮೇಲ್ತುದಿ ದಾಟಿದರೆ ಸಿಗುವ ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲುಗಳನ್ನು ತಯಾರು ಮಾಡುವುದು ಅವನ ಕೆಲಸ. ದಿನಾ ಮಧ್ಯಾಹ್ನ ಅವನ್ನು ಡಬ್ಬಿಗೆ ತುಂಬಿಕೊಂಡು ಕೆಳಗಿನ ಕ್ಲಿನಿಕ್ಕಿಗೆ ಕೊಡಲು ಹೋಗುತ್ತಿದ್ದ. ಅಂದರೆ, ಹೋಗಲು ಪ್ರಯತ್ನ ಪಡುತ್ತಿದ್ದ!

"ಗಾಡಿ ಮತ್ತೆ ಸ್ಟಾರ್ಟ್ ಆಗ್ತಿಲ್ಲ ಕಣ್ರೀ..."

"ಗೊತ್ತಾಯ್ತು. ಇಡೀ ಬೀದಿಗೇ ಗೊತ್ತಾಯ್ತು!"

ಕೂತಿದ್ದ ಗಿರಾಕಿ ಮೆಲ್ಲಗೆ ರಾಗ ಎಳೆದ. "ಮೊನ್ನೆ ತಾನೆ ಇದೇ ಗಾಡಿ ರಿಪೇರಿ ಮಾಡಿದ್ಯಲ್ಲಮ್ಮ? ನನ್ನದು ಇರಲಿ ಬಿಡು... ಇನ್ನೊಂದಿನ ತರ್ತೀನಿ."

ಅವನು ತನ್ನ ಗಾಡಿಯನ್ನು ನೂಕಿಕೊಂಡು ಹೋಗಿ ನಿಲ್ಲಿಸಿದ್ದು ಮೂಲೆಯ ದೊಡ್ಡ ಗ್ಯಾರೇಜಿನ ಮುಂದೆ. ಮೀಸೆ ಮಾಮನ ಗ್ಯಾರೇಜು!

ಅಪ್ಪನ ಹೃದಯದ ಆಪರೇಷನ್ ಆದಮೇಲೆ ಶೆಡ್ಡು ಅವಳ ಕೈಗೆ ಬಂದಿತ್ತು. ಅಪ್ಪ ಹಿಂದಿನ ಕೋಣೆಯಲ್ಲೇ ಮಲಗಿರುತ್ತಿದ್ದರು. ಬೇರೆ ಊರಲ್ಲಿದ್ದ ಅಣ್ಣ ಕಳೆದ ಸಲ ಬಂದಾಗ ಖಡಾಖಂಡಿತವಾಗಿ ಹೇಳಿ ಹೋಗಿದ್ದ. "ನೋಡು ಪುಟ್ಟಿ, ಈ ತಿಂಗಳು ನೋಡ್ತೀನಿ. ಜನ ನಿನ್ನ ಕೈ ನಂಬಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ ಹಾಕಿ ಇಬ್ಬರನ್ನೂ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ."

ಸ್ಪ್ಯಾನರ್ ಬಿಟ್ಟರೆ ಬೇರೇನೂ ಹಿಡಿಯದ ಕೈ ಅವಳದು. ಶೆಡ್ಡೇ ಹೋದರೆ ಅವಳಿಗೆ ಉಳಿಯುವುದೇನು?

ಹಲ್ಲು ಕಚ್ಚಿಕೊಂಡು ಪ್ಲಗ್ ಬಿಚ್ಚಿದಳು. ಕಪ್ಪಾಗಿ, ಪೆಟ್ರೋಲಿನಲ್ಲಿ ತೊಯ್ದು ಹೋಗಿತ್ತು. ಒರೆಸಿ, ಉಜ್ಜಿ, ಹಾಕಿ ಒದ್ದಳು. ಗಾಡಿ ಸಲೀಸಾಗಿ ಶುರುವಾಯಿತು! ಕಾರ್ಬುರೇಟರ್ ಹಿಂದೆಯೇ ತೊಳೆದಾಗಿತ್ತು. ಸೈಲೆನ್ಸರಿನ ಜಾಯಿಂಟ್ ಬಿಗಿಯಾಗಿತ್ತು, ಟೈಮಿಂಗ್ ಸರಿಯಾಗಿತ್ತು.

'ನಾನು ಓಡಿಸಿದರೆ ಬಂಗಾರ, ಇವನು ಕೂತರೆ ಪಟಾಕಿ! ಏನೋ ಇದೆ... ಖಂಡಿತ ಏನೋ ಇದೆ.'

"ಬೇರೆ ಎಲ್ಲಾದ್ರೂ ಹೀಗೆ ಸದ್ದು ಮಾಡುತ್ತಾ?"

ಅವನು ತಲೆ ಕೆರೆದುಕೊಂಡ. "ಇಲ್ಲ ಕಣ್ರೀ... ಇಲ್ಲಿ ಮಾತ್ರ."

"ಇಲ್ಲಿ ಮಾತ್ರ! ನನ್ನ ಶೆಡ್ಡಿನ ಮುಂದೆ ಮಾತ್ರ! ನನ್ನ ಮಾನ ಹರಾಜು ಹಾಕೋಕೆ ಹೇಳಿ ಮಾಡಿಸಿದ ಹಾಗೆ!"

"ಸ್ವಲ್ಪ ಮೆಲ್ಲಗೆ ಬೈರಿ..." ಅವನು ಡಬ್ಬಿಯನ್ನು ಇನ್ನಷ್ಟು ಅವಚಿಕೊಂಡ. "ಇದರೊಳಗೆ ಊರವರ ಬಾಯಿ ಇದೆ. ಹೋದಲ್ಲೆಲ್ಲ ಹೇಳಿಬಿಡ್ತಾವೆ."

ಬೇಡಬೇಡವೆಂದರೂ ಅವಳಿಗೆ ನಗು ಬಂತು. ಫಕ್ಕನೆ ನಕ್ಕೂಬಿಟ್ಟಳು. ನಕ್ಕಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

"ಕಾಲಿಗೆ ಪೆಟ್ಟಾಯ್ತಾ?" ಅವನ ದನಿ ಇದ್ದಕ್ಕಿದ್ದಂತೆ ಮೃದುವಾಗಿತ್ತು.

"ನನ್ನ ಕಾಲಿನ ಚಿಂತೆ ನಿಮಗೆ ಬೇಡ. ಗಾಡಿ ಇಲ್ಲೇ ಬಿಟ್ಟು ಹೋಗಿ, ಪೂರ್ತಿ ಬಿಚ್ಚಿ ನೋಡ್ತೀನಿ."

ಅವನು ಹೋದ ದಿಕ್ಕಿಗೇ ಅವಳ ಕಣ್ಣು ಹೋಯಿತು. 'ಹಾಳಾದವನು... ಕಣ್ಣು ಮಾತ್ರ ಎಷ್ಟು ಚೆನ್ನಾಗಿದೆ! ಛೇ, ಏನು ಯೋಚನೆ ಇದು!'

ಮರುದಿನ ಹೊಸ ಪ್ಲಗ್ ತರಲು ಹೊರಟವಳು ಮೂಲೆಯ ಗ್ಯಾರೇಜಿನ ಬಳಿ ಗಕ್ಕನೆ ನಿಂತಳು.

ಒಳಗೆ ಟೈರುಗಳ ರಾಶಿಯ ಹಿಂದೆ ಇಬ್ಬರು. ಒಬ್ಬ ಮೀಸೆ ಮಾಮ. ಬಾಯಿಗೆ ಕೈ ಅಡ್ಡ ಹಿಡಿದು ಅವನು ಏನೋ ಪಿಸುಗುಡುತ್ತಿದ್ದ. ಕಿವಿಗೊಟ್ಟು ಕೇಳುತ್ತಾ, ತಲೆಯಾಡಿಸುತ್ತಾ ನಿಂತಿದ್ದ ಇನ್ನೊಬ್ಬ... ಹಲ್ಲಿನವನು!

ಅವಳ ಮೈಯೆಲ್ಲ ಉರಿದುಹೋಯಿತು. 'ಅದಕ್ಕೇ! ಅದಕ್ಕೇ ನನ್ನ ಬಾಗಿಲಲ್ಲೇ ಢಂ!'

ಅವನು ಹೊರಗೆ ಬರುವುದನ್ನೇ ಕಾದು ನಡುಬೀದಿಯಲ್ಲಿ ತಡೆದಳು.

"ಮಾಮನ ಹತ್ರ ಏನು ಗುಸುಗುಸು ನಿಮ್ಮದು?"

ಅವನ ಮುಖ ಬಿಳಚಿಕೊಂಡಿತು. "ಅದು... ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ವಾ, ಹೇಳೋಕೆ ಮುಖ ಇಲ್ವಾ?"

"ಮಾತು ಕೊಟ್ಟಿದ್ದೀನಿ. ದಯವಿಟ್ಟು ಅದೊಂದು ಕೇಳಬೇಡಿ."

"ನಮ್ಮ ಹೊಟ್ಟೆ ಮೇಲೆ ಹೊಡೀತೀನಿ ಅಂತ ಮಾತು ಕೊಟ್ರಾ? ನನ್ನ ಗಿರಾಕಿಗಳನ್ನೆಲ್ಲ ಆ ಕಡೆ ಓಡಿಸೋಕೆ ನಿಮ್ಮನ್ನ ಕಳಿಸಿದ್ದು ಅವನೇ ಅಲ್ವಾ? ನಾನೆಂಥ ಪೆದ್ದಿ! ನಿಮ್ಮ ಮಾತಿಗೆ ನಕ್ಕೆನಲ್ಲ..."

ಜನ ನಿಂತು ನೋಡುತ್ತಿದ್ದರು.

"ನನ್ನ ಬಗ್ಗೆ ಹೀಗೂ ಅಂದ್ಕೊಳ್ಳಬಹುದು ಅಂತ ಗೊತ್ತಿರಲಿಲ್ಲ," ಎಂದಷ್ಟೇ ಹೇಳಿ ನಡೆದುಬಿಟ್ಟ. ಹಿಂತಿರುಗಿ ನೋಡಲೂ ಇಲ್ಲ.

ಆಮೇಲಿನ ಮಧ್ಯಾಹ್ನಗಳು ತೀರಾ ನಿಶ್ಶಬ್ದವಾಗಿ ಕಳೆದವು. ಪೀಡೆ ತೊಲಗಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗಾದರೆ ಮಧ್ಯಾಹ್ನವಾದ ಕೂಡಲೇ ಕಣ್ಣು ಯಾಕೆ ಬೀದಿಯ ಮೇಲ್ತುದಿಗೆ ಹೋಗುತ್ತಿತ್ತು?

"ಪುಟ್ಟಿ, ಆ ಢಂ ಎಲ್ಲಿ ಹೋಯ್ತು?" ಒಂದು ದಿನ ಅಪ್ಪ ಮಲಗಿದ್ದಲ್ಲಿಂದಲೇ ಕೇಳಿದರು.

"ಬಿಡಿ ಅಪ್ಪ. ನಿಮಗೂ ನಿದ್ದೆ ಕೆಡ್ತಿತ್ತು."

"ಕೆಡ್ತಿತ್ತು. ಆಮೇಲೆ ನೀನು ಅವನಿಗೆ ಬೈಯೋದು ಕೇಳಿಸ್ತಿತ್ತು. ಒಂದಿನ ನಕ್ಕಿದ್ದೂ ಕೇಳಿಸ್ತು." ಅಪ್ಪ ದಿಂಬಿಗೆ ಒರಗಿ ಅವಳತ್ತ ತಿರುಗಿದರು. "ನನಗೆ ಆಪರೇಷನ್ ಆದಮೇಲೆ ನೀನು ನಕ್ಕಿದ್ದು ಅದೇ ಮೊದಲು."

ಅವಳ ಕಣ್ಣು ತುಂಬಿಬಂತು. ಸರಕ್ಕನೆ ಎದ್ದು ಹೊರಗೆ ಬಂದರೆ ಬಾಗಿಲಲ್ಲಿ ಅಣ್ಣ ನಿಂತಿದ್ದ! ಕೈಯಲ್ಲಿ ಹೊಸ ಬೀಗ.

"ಬೀದಿಯಲ್ಲಿ ಎಲ್ಲರೂ ಒಂದೇ ಮಾತು ಹೇಳ್ತಾರೆ ಪುಟ್ಟಿ, ನಿನ್ನ ರಿಪೇರಿ ನಿಲ್ಲಲ್ಲ ಅಂತ. ಸಾಕಿನ್ನು."

"ಈ ಒಂದು ಗಾಡಿ ವಾಪಸ್ ಕೊಟ್ಟು ಬರ್ತೀನಿ ಅಣ್ಣ. ಆಮೇಲೆ ನಿನ್ನಿಷ್ಟ."

ಬೂದು ಸ್ಕೂಟರಿನಲ್ಲಿ ಅವಳು ಬೀದಿ ಏರಿದಳು. ಮೇಲ್ತುದಿಯಲ್ಲಿ ಇಸ್ತ್ರಿ ಅಂಗಡಿಯ ಅಕ್ಕ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಈ ಗಾಡಿ ನಿನ್ನ ಹತ್ರ ಇದೆಯಾ? ಆ ಹುಡುಗ ಇತ್ತೀಚೆಗೆ ಕಾಣ್ತಾನೇ ಇಲ್ಲ. ಪಾಪ, ಇಲ್ಲಿಗೆ ಬಂದ ಕೂಡಲೇ ಕೀ ಆಫ್ ಮಾಡಿ ಬೆಕ್ಕಿನ ಹಾಗೆ ಇಳೀತಿದ್ದ."

"ಕೀ ಆಫ್ ಮಾಡಿಯಾ?!"

"ಹ್ಞೂಂ. ಪೆಟ್ರೋಲ್ ಉಳಿಸ್ತೀಯೇನೋ ಅಂತ ರೇಗಿಸಿದೆ. 'ಇಲ್ಲ ಅಕ್ಕ, ಕೆಳಗೆ ಶೆಡ್ಡಿನ ಯಜಮಾನ್ರು ಮಲಗಿರ್ತಾರೆ. ರಾತ್ರಿಯೆಲ್ಲ ನಿದ್ದೆ ಬರಲ್ವಂತೆ, ಮಧ್ಯಾಹ್ನನೇ ಸ್ವಲ್ಪ ಕಣ್ಣು ಹತ್ತೋದಂತೆ, ಅವರ ಮಗಳು ಹೇಳಿದ್ರು' ಅಂದ."

ಹೌದು, ಅವನು ಮೊದಲ ಸಲ ಗಾಡಿ ತಂದಾಗ ಪುಟ್ಟಿಯೇ ಹಾಗೆ ಹೇಳಿದ್ದಳು.

ಆಮೇಲೆ ಗಾಡಿಯನ್ನು ಇಳಿಜಾರಿಗೆ ತಿರುಗಿಸಿದಳು. ನ್ಯೂಟ್ರಲ್‌ಗೆ ಹಾಕಬೇಕೆಂಬುದು ಅವನಿಗೆಲ್ಲಿ ಗೊತ್ತಿರಬೇಕು! ಗೇರಿನಲ್ಲೇ ಬಿಟ್ಟು ಕೀ ಆಫ್ ಮಾಡಿದಳು. ಗಾಡಿ ಸದ್ದಿಲ್ಲದೆ ಜಾರಿತು. ಚಕ್ರದ ಜೊತೆ ಎಂಜಿನ್ನೂ ತಿರುಗುತ್ತದೆ, ಪೆಟ್ರೋಲ್ ಎಳೆಯುತ್ತದೆ. ಸುಡಲು ಕಿಡಿಯಿಲ್ಲ, ಹಾಗಾಗಿ ಎಲ್ಲವೂ ಹಸಿಹಸಿಯಾಗಿ ಹೋಗಿ ಬಿಸಿ ಸೈಲೆನ್ಸರಿನಲ್ಲಿ ತುಂಬಿಕೊಳ್ಳುತ್ತದೆ. ಅಪ್ಪನ ಕಿಟಕಿ ದಾಟಿತು. ಇಳಿಜಾರು ಮುಗಿಯುವುದು ಶೆಡ್ಡಿನ ಬಾಗಿಲಲ್ಲೇ. ಅಲ್ಲಿ ಕೀ ಆನ್ ಮಾಡಿದಳು.

ಢಂ!!!

ಸ್ಕೂಟರು ಕೆಮ್ಮಿ ಅಲ್ಲೇ ನಿಂತಿತು. ಪುಟ್ಟಿ ಅದರ ಮೇಲೆ ಕೂತೇ ನಗತೊಡಗಿದಳು. ನಗುತ್ತಾ ನಗುತ್ತಾ ಅಳು ಬಂತು. ಅಪ್ಪನ ನಿದ್ದೆ ಕಾಯಲು ಹೋಗಿ ಆ ಪುಣ್ಯಾತ್ಮ ಬೀದಿಯನ್ನೇ ಎಬ್ಬಿಸಿದ್ದ! ಅವನನ್ನು ತಾನು ನಡುಬೀದಿಯಲ್ಲಿ...

ಅಣ್ಣ ಓಡಿಬಂದ. ಮೂಲೆಯಿಂದ ಮೀಸೆ ಮಾಮನೂ ಬಂದ. "ಏನಮ್ಮಾ, ಈಗ ನೀನೇ ಢಂ ಅನ್ನಿಸ್ತೀಯಾ!" ಎಂದು ಬಾಯ್ತುಂಬ ನಕ್ಕ.

ಮೀಸೆಯ ಕೆಳಗೆ ಸಾಲಾಗಿ, ಬೆಳ್ಳಗೆ, ಹೊಚ್ಚಹೊಸ ಹಲ್ಲುಗಳು! ಎಲ್ಲರೂ ನೋಡಿದರು. ಮಾಮ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ, ಆದರೆ ತಡವಾಗಿತ್ತು.

"ಹೋಗಲಿ ಬಿಡು, ಇನ್ನೇನು ಮುಚ್ಚಿಡೋದು. ಮುಂದಿನ ಹಲ್ಲು ಹೋಗಿ ಬಾಯಿ ತೆರೆಯೋಕೆ ನಾಚಿಕೆ ಆಗ್ತಿತ್ತಮ್ಮ. ಹೊಸ ಹಲ್ಲಿನ ಬಣ್ಣ ಹೊಂದಿಸೋಕೆ ಆ ಹುಡುಗ ಬಂದು ಹೋಗ್ತಿದ್ದ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದೆ."

ಪುಟ್ಟಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಆದರೂ ಎದ್ದು ನಿಂತು, ಗಾಡಿ ಯಾಕೆ ಸಿಡಿಯುತ್ತಿತ್ತು ಎಂಬುದನ್ನು ಅಣ್ಣನಿಗೂ ಸೇರಿದ್ದ ಜನಕ್ಕೂ ಬಿಡಿಸಿ ಹೇಳಿದಳು.

"ಹಾಗಾದ್ರೆ ನಿನ್ನ ರಿಪೇರಿಯಲ್ಲಿ ತಪ್ಪಿರಲಿಲ್ವಾ?" ಅಣ್ಣನ ದನಿ ಇಳಿದಿತ್ತು.

ಉತ್ತರ ಕೊಟ್ಟವನು ಮಾಮ. "ಈ ಗಾಡಿ ನನ್ನ ಹತ್ರ ಬಂದಿದ್ರೆ ನಾನು ಇನ್ನೂ ಕಾರ್ಬುರೇಟರ್ ಬಿಚ್ಚಿ ಕೂತಿರ್ತಿದ್ದೆ. ಆ ಬೀಗ ಒಳಗಿಡಪ್ಪ. ಕೈ ಪಳಗಿದೆ ನಿನ್ನ ತಂಗಿಗೆ."

ಅಣ್ಣ ಬೀಗವನ್ನು ಚೀಲಕ್ಕೆ ಹಾಕಿ, ಅವಳ ತಲೆಯ ಮೇಲೊಮ್ಮೆ ಮೊಟಕಿದ. "ಹೋಗು, ಗಾಡಿ ಕೊಟ್ಟು ಬಾ. ಅವನಿಗೆ ಎರಡು ಒಳ್ಳೇ ಮಾತೂ ಹೇಳು."

ಲ್ಯಾಬಿನ ಮೇಜಿನ ಮೇಲೆ ಹಲ್ಲಿನ ಸೆಟ್ಟುಗಳು ಸಾಲಾಗಿ ಕಿಸಿಯುತ್ತಿದ್ದವು. ನಗದೇ ಇದ್ದವನು ಅವನೊಬ್ಬನೇ. ಕೈಯೆಲ್ಲ ಬಿಳೀ ಹಿಟ್ಟಿನಂಥ ಪ್ಲಾಸ್ಟರು.

"ನಿಮ್ಮ ಗಾಡಿ..." ಅವಳು ಕೀ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ತಪ್ಪಾಯ್ತು ಕಣ್ರೀ," ಅವಳು ಕೀ ಚಾಚಿದ ಕೈಯನ್ನು ಇಳಿಸಿದಳು. "ಎಲ್ಲ ಗೊತ್ತಾಯ್ತು. ಮಾಮನ ಹಲ್ಲು, ಅಪ್ಪನ ನಿದ್ದೆಗೆ ಅಂತ ನೀವು ಕೀ ಆಫ್ ಮಾಡಿದ್ದು, ಅದಕ್ಕೇ ಆಗ್ತಿದ್ದ ಢಂ... ಎಲ್ಲ. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ನೀವೂ ಬೈದುಬಿಡಿ, ಸರಿಹೋಗುತ್ತೆ."

"ನಿಮಗೆ ಬೈಯೋಕೆ ನನ್ನ ಕೈಲಿ ಆಗಲ್ಲ."

"ಒಂದು ವಿಷಯ ಮಾತ್ರ ಇನ್ನೂ ಗೊತ್ತಾಗಿಲ್ಲ. ಕ್ಲಿನಿಕ್ಕಿಗೆ ಮೇನ್ ರೋಡ್ ನೆಟ್ಟಗೆ ಹೋಗುತ್ತೆ. ಇಳಿಜಾರಿಲ್ಲ, ಗುಂಡಿಯಿಲ್ಲ. ದಿನಾ ನಮ್ಮ ಬೀದೀನೇ ಯಾಕೆ?"

ಅವನ ಕಿವಿ ಕೆಂಪಾಯಿತು. ಕೈಗೆ ಹತ್ತಿದ್ದ ಪ್ಲಾಸ್ಟರನ್ನು ಉಜ್ಜತೊಡಗಿದ.

"ಆ ದಾರೀಲಿ ಹೋದ್ರೆ ನೀವು ಕಾಣಲ್ವಲ್ಲ."

ಪುಟ್ಟಿಗೆ ಎಷ್ಟೋ ದಿನದಿಂದ ಎದೆಯಲ್ಲಿ ಗಂಟು ಹಾಕಿಕೊಂಡಿದ್ದು ಏನೆಂದು ಈಗ ತಿಳಿಯಿತು. ಅವಳಿಗೂ ಅವನು ಬೇಕಿತ್ತು. ಸಿಟ್ಟು ಬಂದಾಗಲೂ ಬೇಕಿತ್ತು.

ಅವನ ಅಂಗೈಯಲ್ಲಿ ಕೀ ಇಟ್ಟಳು. ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ನಾಳೆ ಬನ್ನಿ."

"ಗಾಡಿ ಸರಿಯಾಯ್ತಲ್ಲ... ಇನ್ನು ಏನು ನೆಪ ಹೇಳ್ಕೊಂಡು ಬರಲಿ?"

"ನೆಪ ಯಾಕೆ? ನನ್ನ ನೋಡೋಕೆ ಬಂದೆ ಅಂತ ಹೇಳಿ."

"ನಿಮ್ಮಪ್ಪನ ಮುಂದೇನಾ?" ಅವನು ಗಾಬರಿಯಾದ.

"ಅಪ್ಪನ ಮುಂದೇನೇ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಸ್ವಲ್ಪ ಗಟ್ಟಿಯಾಗೇ ಹೇಳಿ. ನನಗೂ ಕೇಳಿಸಬೇಕು."