ವಾಪಸ್ ಕಳಿಸಿದವರ ಪಟ್ಟಿ

"ಅದು ಖಾಲಿ ಅಂತ ಬರ್ಕೋಬೇಡಿ!"

ಮಹಿಳಾ ಮನೋರೋಗ ವಾರ್ಡಿನ ಮುಖ್ಯ ನರ್ಸ್ ಎರಡೇ ಹೆಜ್ಜೆಗೆ ಅವನ ಮುಂದೆ ಬಂದು ನಿಂತಳು. ಯೋಜನಾ ಕಚೇರಿಯಿಂದ ಹಾಸಿಗೆ ಎಣಿಸಲು ಬಂದಿದ್ದ ಅಧಿಕಾರಿಯ ಪೆನ್ನು ಅಲ್ಲೇ ನಿಂತಿತು.

"ಯಾರೂ ಮಲಗಿಲ್ವಲ್ಲ, ಸಿಸ್ಟರ್?"

"ನಾಲ್ಕು ದಿನ ಮನೇಲಿದ್ದು ನೋಡ್ಲಿ ಅಂತ ಕಳಿಸಿದೀವಿ. ಅಲ್ಲಿ ಆಗ್ದಿದ್ರೆ ವಾಪಸ್ ಬರೋಕೆ ಜಾಗ ಬೇಡ್ವಾ?"

ಅವನು ತಪ್ಪು ಮಾಡಿದ ಹುಡುಗನಂತೆ ತಲೆಯಾಡಿಸಿದ. ಅವಳಿಗೆ ನಗು ಬಂತು!

ವಾರವಿಡೀ ಬಂದ. ಏನೇನೋ ನೆಪ ತೆಗೆದು ಮಾತಾಡಿಸಿದ. ಕೊನೆಯ ದಿನ ಅವನು ಹೊರಟಾಗ, ಅಷ್ಟು ಜನರಿದ್ದ ವಾರ್ಡೂ ಅವಳಿಗೇಕೋ ಬಿಕೋ ಎಂದಿತು...

ತಿಂಗಳಾದ ಮೇಲೆ ಆದೇಶ ಬಂತು. ಇಪ್ಪತ್ತನಾಲ್ಕು ಹಾಸಿಗೆಗಳಲ್ಲಿ ಎಂಟು ರದ್ದು. ವರ್ಷದ ಸರಾಸರಿಯಲ್ಲಿ ಹದಿನಾರೇ ಭರ್ತಿಯಂತೆ. ಜೊತೆಗಿದ್ದ ವರದಿಯ ಕೆಳಗೆ ಅವನ ಸಹಿ.

'ಇವನನ್ನಾ ನಾನು ಒಳ್ಳೆಯವನು ಅಂದುಕೊಂಡಿದ್ದು!'

ಮುಂದಿನ ಶುಕ್ರವಾರ, ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸೊಬ್ಬಳನ್ನು ಅವಳ ಅಣ್ಣ ಕರೆತಂದ. "ಸಾಯ್ತೀನಿ ಅಂತಾಳೆ ಸಿಸ್ಟರ್. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ."

ನೆಲದ ಮೇಲೂ ಆಗಲೇ ಚಾಪೆಗಳಿದ್ದವು. ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿ ಸೋತ ನರ್ಸ್, ಕೊನೆಗೆ ಚೀಟಿಯಲ್ಲಿ ಬರೆದಳು: ಜಾಗವಿಲ್ಲ. ಸೋಮವಾರ ಬನ್ನಿ.

ಸೋಮವಾರ ಅಣ್ಣ ಒಬ್ಬನೇ ಬಂದ.

"ಬನ್ನಿ ಅಂದಿದ್ರಲ್ಲ... ಬಂದಿದೀನಿ. ಅವಳು ನಿನ್ನೆ ಹೋದ್ಲು."

ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಎರಡು ವಾರವಾಗಿರಬೇಕು. ಹೊರರೋಗಿಗಳ ವಿಭಾಗದ ಬಾಗಿಲಿನ ಬೆಂಚಿನ ಮೇಲೆ ಆ ಅಧಿಕಾರಿ ಪ್ರತ್ಯಕ್ಷನಾದ, ಕೈಯಲ್ಲಿ ನೋಟ್‌ಬುಕ್! ಮರುದಿನವೂ. ಅದರ ಮರುದಿನವೂ.

"ಇನ್ನೆಷ್ಟು ಬೆಡ್ ಕಿತ್ಕೊಳ್ಳೋಕೆ ಬಂದಿದೀರಿ? ಒಂದು ಜೀವ ಹೋಯ್ತು, ಗೊತ್ತಾ?"

ಅವನ ಮುಖ ಬಿಳಿಚಿಕೊಂಡಿತು. "ಗೊತ್ತು" ಎಂದು ಮತ್ತೆ ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದ. ಅದನ್ನು ನೋಡಿ ಅವಳ ಮೈ ಇನ್ನೂ ಉರಿಯಿತು.

ಎರಡು ತಿಂಗಳ ನಂತರ ದೊಡ್ಡ ಡಾಕ್ಟರಮ್ಮ ಅವಳನ್ನು ಕರೆದರು. "ಆರು ಬೆಡ್ ವಾಪಸ್ ಬಂತು, ಸಿಸ್ಟರ್. ಆ ಬೆಂಚಿನ ಮೇಲಿರ್ತಿದ್ದೋನ ಕೆಲಸ ಇದು."

"ಅವನದಾ?"

"ಜಾಗ ಇಲ್ಲ ಅಂತ ನಾವು ವಾಪಸ್ ಕಳಿಸಿದೋರ ಲೆಕ್ಕ ಯಾವ ರಿಜಿಸ್ಟರಲ್ಲಿತ್ತು ಹೇಳು? ಆ ಹೊಲಿಗೆಯವಳು ಹೋದ ಸುದ್ದಿ ಕೇಳಿ, ಅವಳಿಂದಲೇ ಶುರುಮಾಡಿ, ರಜೆ ಹಾಕಿ ಕೂತು ಬರ್ಕೊಂಡ. ನಲವತ್ತೊಂದು ಜನ! ತನ್ನ ವರದಿ ತಪ್ಪು ಅಂತ ತಾನೇ ಬರೆದುಕೊಟ್ಟ. ಬಡ್ತಿಗೆ ಕಲ್ಲು ಬಿತ್ತು, ಪಾಪ."

ಡಾಕ್ಟರಮ್ಮ ಮುಂದೆ ತಳ್ಳಿದ ಪಟ್ಟಿಯ ಮೊದಲ ಸಾಲಿನಲ್ಲಿ ಆ ಹೊಲಿಗೆಯವಳಿದ್ದಳು. ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು.

ಆದೇಶದ ಪ್ರತಿ ಕೊಡಲು ಬಂದಿದ್ದ ಅವನು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದ. ಅವಳು ಓಡಿಬಂದು ತಡೆದಳು.

"ನನಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ದುರಸ್ತಿಗೆ ಅಂತ ವಾರ್ಡು ಮೂರು ತಿಂಗಳು ಮುಚ್ಚಿತ್ತು. ಅದನ್ನೂ ಸೇರಿಸಿ ಸರಾಸರಿ ತೆಗೆದುಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು... ಕೇಳ್ಲಿಲ್ಲ."

"ಚೀಟಿ ಬರೆದ ಕೈ ನನ್ನದು" ಎಂದಳು ಅವಳು.

ಸಮಾಧಾನ ಹೇಳುವ ಹಕ್ಕು ಇಬ್ಬರಿಗೂ ಇರಲಿಲ್ಲ.

"ಆ ಅಣ್ಣನ ಮನೆ ಹತ್ರ ಎರಡು ಸಲ ಹೋಗಿ ವಾಪಸ್ ಬಂದೆ" ಎಂದ ಅವನು. "ಬಾಗಿಲು ತಟ್ಟೋಕಾಗ್ಲಿಲ್ಲ."

"ನಾನೂ ಹೋಗ್ಬೇಕು... ಒಬ್ಬಳ ಕೈಲಿ ಆಗ್ತಿಲ್ಲ."

"ನಾನು ಜೊತೆಗಿದ್ರೆ? ಇವತ್ತಿಗೆ ಮಾತ್ರ ಅಲ್ಲ... ಯಾವತ್ತಿಗೂ. ಇದನ್ನ ಕೇಳೋ ಯೋಗ್ಯತೆ ನನಗಿಲ್ಲ, ಸಿಸ್ಟರ್. ಆದ್ರೂ ಕೇಳ್ತಿದೀನಿ."

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಯಾವತ್ತಿಗೂ ಅಂದ್ಮೇಲೆ, ಮೊದಲು ಆ ಸಿಸ್ಟರ್ ಅನ್ನೋದು ಬಿಡಿ!"

ಅವನು ನಗಲು ಹೋಗಿ ಅತ್ತುಬಿಟ್ಟ. ಅವಳು ಅವನ ಕೈ ಹಿಡಿದಳು.

"ಬಾಗಿಲು ನಾನು ತಟ್ತೀನಿ. ನೀವು ಪಕ್ಕದಲ್ಲಿರಿ, ಸಾಕು."

"ಇರ್ತೀನಿ."