ಬಸವಣ್ಣೆಮ್ಮನನ್ನು ಬಿಟ್ಟ ವರ್ಷ

ಪ್ರತಿ ಸುಗ್ಗಿಗೂ ಹೆಳವರ ಮುದುಕಪ್ಪ ಎತ್ತಿನ ಮೇಲೆ ಮುಕ್ಕುಂದ ಊರಿನ ನಮ್ಮ ಮನೆಗೆ ಬಂದು ವಂಶದ ಹೆಸರುಗಳನ್ನು ಹೇಳುತ್ತಿದ್ದ. ಮೊದಲ ಹೆಸರು ಬಸವಣ್ಣೆಮ್ಮನದು. ಗಂಡ ಸತ್ತ ಮೇಲೆ ಒಬ್ಬಳೇ ಜಾಲಿ ಕಡಿದು ನಮ್ಮ ಹೊಲ ಮಾಡಿದವಳು.

1952ರಲ್ಲಿ ದೊಡ್ಡಪ್ಪ ತಡೆದ. "ಹೆಣ್ಣಿನ ಹೆಸರಿಂದ ವಂಶ ಸುರು ಮಾಡಬ್ಯಾಡ. ಆಕಿನ್ನ ಬಿಟ್ಟು ಹೇಳು."

"ಆಕಿ ಸುಮ್ನಿರಂಗಿಲ್ರಿ, ಧಣೇರ," ಎಂದ ಮುದುಕಪ್ಪ.

"ಸತ್ತಾಕಿ ಏನ್ ಮಾಡ್ತಾಳಲೇ? ಹೇಳು."

ಮುದುಕಪ್ಪ ಅವಳ ಮಗನ ಹೆಸರಿನಿಂದ ಶುರು ಮಾಡಿದ. ಎತ್ತು ಕತ್ತು ಕೊಡವಿತು, ಕೊರಳ ಗಂಟೆ ಸದ್ದು ಮಾಡಲಿಲ್ಲ. ನಡು ಮಧ್ಯಾಹ್ನ ಅಂಗಳದ ನೆಲ ತಣ್ಣಗಾಯಿತು. ಆಗಷ್ಟೇ ಕಡಿದ ಜಾಲಿಯ ಹಸಿ ವಾಸನೆ ಬಂತು. ಅಜ್ಜನವರೆಗೂ ಹೆಸರುಗಳು ಸರಿಯಾಗಿಯೇ ಬಂದವು. ದೊಡ್ಡಪ್ಪನ ಸರದಿಗೆ ಮುದುಕಪ್ಪ ನಿಂತುಬಿಟ್ಟ.

"ನನ್ನ ಹೆಸರು ಹೇಳಲೇ."

"ನೆನಪಾಗವಲ್ದುರಿ, ಧಣೇರ. ನೀವೇ ಹೇಳ್ರಿ."

ದೊಡ್ಡಪ್ಪ ಬಾಯಿ ತೆರೆದ. ತನ್ನ ಹೆಸರು ತನಗೇ ಬರಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ನನ್ನ ಕಡೆ ನೋಡಿದ. ನನಗೂ ಹೊಳೆಯಲಿಲ್ಲ. ಅವನನ್ನು ಕಂಡು ಅಯ್ಯೋ ಅನಿಸಲೂ ಇಲ್ಲ.

ನಾಲ್ಕು ವರ್ಷದ ಮೇಲೆ ಅವನು ತೀರಿಕೊಂಡ. ಹೊಲದಲ್ಲಿ ಸಮಾಧಿ ಕಟ್ಟಿ ಕಲ್ಲು ನಿಲ್ಲಿಸಿದೆವು. ಕಲ್ಲುಕುಟಿಗ ಹೆಸರು ಕೇಳಿದಾಗ ಮನೆಯಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಕಲ್ಲಿನ ಮೇಲೆ ಹೆಸರಿನ ಜಾಗ ಇನ್ನೂ ಖಾಲಿ ಇದೆ.