ಏಳನೆಯ ಜಾತಕ

1999ರ ಏಪ್ರಿಲ್ 19, ಸೋಮವಾರ. ಬೆಳಗ್ಗೆ ಹತ್ತು ನಲವತ್ತಕ್ಕೆ ಶಿಕಾರಿಪುರದ ಪೊಲೀಸ್ ಠಾಣೆಗೆ ಬಂದ ದೂರಿನಲ್ಲಿ ಆರೋಪಿಯ ಹೆಸರು ಇರಲಿಲ್ಲ. ಕಳುವಾದ ವಸ್ತುವೂ ಇರಲಿಲ್ಲ. ಹೆಡ್ ಕಾನ್ಸ್‌ಟೇಬಲ್ ಗುತ್ಯಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ಹಣೆಗೇರಿಸಿದ.

"ಆರೋಪಿ ಕಾಲಂನಲ್ಲಿ ಏನಂತ ಬರೀಲಿ ಮಾರಾಯ್ರೇ? ಕಂಪ್ಯೂಟರ್ ಅಂತಲಾ?"

ಬೆಂಚಿನ ಮೇಲೆ ಪಂಪ್‌ಸೆಟ್ ಬಿಡಿಭಾಗಗಳ ವ್ಯಾಪಾರಿ ಸದಾಶಿವಪ್ಪ ತಲೆ ಕೆಳಗೆ ಹಾಕಿಕೊಂಡು ಕೂತಿದ್ದರು. ಮಾತಾಡಿದ್ದು ಪಕ್ಕದಲ್ಲಿದ್ದ ಮಗಳು ಗಂಗಾಶ್ರೀ. ವಯಸ್ಸು ಇಪ್ಪತ್ತಮೂರು, ಬಿ.ಕಾಂ. ಆಗಿತ್ತು.

"ಯಾರು ಅಂತ ಗೊತ್ತಿದ್ರೆ ನಾನೇ ಹೋಗಿ ಕೇಳ್ತಿದ್ದೆ ಸರ್. ಗೊತ್ತಿಲ್ಲ ಅಂತಾನೇ ಇಲ್ಲಿಗೆ ಬಂದಿದ್ದು."

ಸಬ್ ಇನ್ಸ್‌ಪೆಕ್ಟರ್ ಕೊಟ್ರೇಶ್ ಒಳಗಿನಿಂದ ಇದನ್ನು ಕೇಳಿ ಇಬ್ಬರನ್ನೂ ಕರೆಸಿದರು. ವಿಷಯ ಹೀಗಿತ್ತು. ಗಂಗಾಶ್ರೀಗೆ ಸೊರಬದ ಚನ್ನೇಶನ ಜೊತೆ ಮಾರ್ಚ್ ತಿಂಗಳಲ್ಲಿ ನಿಶ್ಚಿತಾರ್ಥವಾಗಿತ್ತು. ಮನೆಯ ಅಯ್ಯನವರು ಜಾತಕ ನೋಡಿ ಒಳ್ಳೆಯ ಕೂಟ ಎಂದಿದ್ದರು. ಮೇ 12ರ ಬುಧವಾರಕ್ಕೆ ಮುಹೂರ್ತ. ಲಗ್ನಪತ್ರಿಕೆ ಅಚ್ಚಿಗೆ ಹೋಗಿತ್ತು. ಅಷ್ಟರಲ್ಲಿ ಗಂಡಿನ ಸೋದರಮಾವನಿಗೆ, ಕಂಪ್ಯೂಟರಿನಲ್ಲೂ ಒಂದು ಸಲ ನೋಡಿಬಿಡೋಣ ಅನ್ನಿಸಿತು. ಸೊರಬದ ಝೆರಾಕ್ಸ್ ಅಂಗಡಿಯಲ್ಲಿ ಹುಡುಗಿಯ ಜನ್ಮದಿನ ಟೈಪ್ ಮಾಡಿಸಿದ. ಗಂಟೆ ಬಾರಿಸಿದ ಸದ್ದಿನೊಂದಿಗೆ ತೆರೆಯ ಮೇಲೆ ಕೆಂಪು ಅಂಚಿನ ಕಿಟಕಿಯೊಂದು ತಾನಾಗಿ ತೆರೆದುಕೊಂಡಿತು: 'ಈ ವಧು ಮನೆ ತುಂಬಿದರೆ ಅತ್ತೆಗೆ ಗಂಡಾಂತರ. ಪರಿಹಾರ ಯಂತ್ರಕ್ಕಾಗಿ ಬರೆಯಿರಿ, ಅಂಚೆ ಪೆಟ್ಟಿಗೆ 14, ಶಿಕಾರಿಪುರ.'

ಅಯ್ಯನವರ ಮಾತು ಅಲ್ಲಿಗೆ ಮುಗಿಯಿತು. ಮನುಷ್ಯ ತಪ್ಪು ಹೇಳಬಹುದು, ಮಿಷನ್ನು ಹೇಳೀತೆ? ಮರುದಿನವೇ ಸೊರಬದಿಂದ ಮದುವೆ ಬೇಡ ಎಂದು ಫೋನ್ ಬಂತು.

"ನಾನೂ ಅಪ್ಪಾಜಿನೂ ಅದೇ ಅಂಗಡಿಗೆ ಹೋಗಿ ಇನ್ನೊಮ್ಮೆ ಹಾಕಿಸಿದ್ವಿ ಸರ್. ಅದೇ ಹೆಸರು, ಅದೇ ತಾರೀಖು. ಆ ಕಿಟಕಿ ಬರಲೇ ಇಲ್ಲ. ನಾನೂ ಇಲ್ಲೇ ನಮ್ಮ ಮಿಸ್ ಹತ್ರ ಸ್ವಲ್ಪ ಕಂಪ್ಯೂಟರ್ ಕಲ್ತಿದೀನಿ. ಲೆಕ್ಕ ಹಾಕಿ ಹೇಳಿದ್ದಾದ್ರೆ ಎರಡನೇ ಸಲಾನೂ ಬರಬೇಕಿತ್ತು."

"ಇದನ್ನ ಗಂಡಿನ ಕಡೆಯವರಿಗೆ ಹೇಳಿದ್ರಾ?"

"ಹೇಳಿದ್ವಿ ರೀ," ಎಂದರು ಸದಾಶಿವಪ್ಪ. "ದೇವರು ಒಂದ್ಸಲ ಹೇಳಿದ್ದನ್ನ ಎರಡ್ಸಲ ಹೇಳಲ್ಲ ಅಂದ್ರು."

"ಈಗ ನಮ್ಮಿಂದ ಏನಾಗಬೇಕು?"

"ಅದು ಸುಳ್ಳು ಅಂತ ಬರೆದು, ಸೀಲ್ ಹಾಕಿ ಕೊಡಿ," ಎಂದಳು ಗಂಗಾಶ್ರೀ. "ಹನ್ನೆರಡನೇ ತಾರೀಖಿನ ಒಳಗೆ. ಹದಿನಾರರಿಂದ ಅಧಿಕ ಮಾಸ, ಒಂದು ತಿಂಗಳು ಬಿಟ್ಟು ಆಷಾಢ. ಅಷ್ಟು ದಿನ ಕಳೆದ್ರೆ ಅದು ಇಡೀ ಊರಿಗೆ ನಿಜ ಆಗಿರ್ತದೆ."

ಕೊಟ್ರೇಶ್ ಹನ್ನೊಂದು ವರ್ಷದ ಸೇವೆಯಲ್ಲಿ ಕುಡಿದು ಹೊಡೆದಾಡಿದವರನ್ನೂ ಬದು ಒತ್ತಿದವರನ್ನೂ ಬೇಕಾದಷ್ಟು ನೋಡಿದ್ದರು. ಕಿಟಕಿಯೊಂದರ ಮೇಲೆ ಕೇಸು ಹಾಕಿದ್ದು ಇದೇ ಮೊದಲು. ಭಾರತೀಯ ದಂಡ ಸಂಹಿತೆ ಕಲಂ 420, ವಂಚನೆ. ಆರೋಪಿ: ಅಪರಿಚಿತ. ಎಫ್‌ಐಆರ್ ಮಧ್ಯಾಹ್ನ ಹನ್ನೆರಡೂವರೆಗೆ ದಾಖಲಾಯಿತು.

ಏಪ್ರಿಲ್ 21ರಂದು ಕೊಟ್ರೇಶ್, ಗುತ್ಯಪ್ಪ ಸೊರಬಕ್ಕೆ ಹೋದರು. ಅಂಗಡಿಯ ಶ್ರೀನಾಥ ಪೊಲೀಸರನ್ನು ಕಂಡೊಡನೆ ಎದ್ದು, ತಾನು ಕೂತಿದ್ದ ಕುರ್ಚಿಯನ್ನೇ ಟವೆಲ್ಲಿನಿಂದ ಒರೆಸಿದ.

"ಈ ಜಾತಕದ ಪ್ರೋಗ್ರಾಂ ಎಲ್ಲಿಂದ ಬಂತು?"

"ಪೋಸ್ಟಿನಲ್ಲಿ ಬಂತು ಸರ್. ಫ್ಲಾಪಿ. ಪುಕ್ಕಟೆ."

"ಯಾರು ಕಳಿಸಿದ್ದು ಅಂತ ನೋಡ್ಲಿಲ್ವಾ?"

"ಪುಕ್ಕಟೆ ಬಂದಿದ್ದಕ್ಕೆ ಎಂತ ನೋಡದು ಸರ್? ಹಾಕ್ದೆ. ಶುರುವಿನಲ್ಲಿ ಇಂಗ್ಲಿಷಿನಲ್ಲಿ ಎಂತದೋ ಉದ್ದಕ್ಕೆ ಬರೆದಿತ್ತು. ಒಪ್ಪಿಗೆಯಾ ಅಂತ ಕೇಳ್ತು. ವೈ ಒತ್ತಿದೆ. ಒತ್ತದಿದ್ರೆ ಮುಂದೆ ಹೋಗದೇ ಇಲ್ಲ."

ಕೊಟ್ರೇಶ್ ಆ ಇಂಗ್ಲಿಷನ್ನು ತೆರೆಯ ಮೇಲೆ ತರಿಸಿ ಬೆರಳಿಟ್ಟು ಓದಿದರು. ಹದಿನಾಲ್ಕನೆಯ ಸಾಲಿನಲ್ಲಿ, ಈ ಪ್ರೋಗ್ರಾಂ ಆಗಾಗ ತಾನಾಗಿಯೇ ಸೂಚನೆಗಳನ್ನು ತೋರಿಸಬಹುದು, ಅದಕ್ಕೆ ಬಳಕೆದಾರರ ಸಮ್ಮತಿಯಿದೆ, ಎಂದು ಇತ್ತು. ಸಮ್ಮತಿ ಕೊಟ್ಟವನು ಶ್ರೀನಾಥ. ಮುರಿದು ಬಿದ್ದದ್ದು ಇನ್ಯಾರದೋ ಮದುವೆ.

"ಆ ಕೆಂಪು ಕಿಟಕಿ ಬರೋದು ಗೊತ್ತಿತ್ತಲ್ಲ, ತೆಗೆದು ಹಾಕಬಾರದಿತ್ತಾ?"

"ಅಳಿಸಿ ನೋಡ್ದೆ ಸರ್. ಮರುದಿನ ಮಿಷನ್ ಹಾಕಿದ್ರೆ ಮತ್ತೆ ಅಲ್ಲೇ ಇತ್ತು. ಮತ್ತೆ..." ಶ್ರೀನಾಥ ಕುತ್ತಿಗೆ ಕೆರೆದುಕೊಂಡ. "ಅದು ಬಂದ್ಮೇಲೆ ಜನ ಜಾಸ್ತಿ ಆದ್ರು. ಭಾರಿ ನಂಬಿಕಸ್ಥ ಮಿಷನ್ನು ಅಂತ ಹೆಸರು ಬಂತು."

ಪರೀಕ್ಷೆ ಶುರುವಾಯಿತು. ಪಂಚರಾಗಿ ಪಕ್ಕದ ಟೈಲರನ್ನೂ ಎದುರಿನ ಹೋಟೆಲಿನ ಯಜಮಾನರನ್ನೂ ಕರೆಸಿದರು. ಮೊದಲು ಗಂಗಾಶ್ರೀಯ ವಿವರ. ಏನೂ ಬರಲಿಲ್ಲ. ಆಮೇಲೆ ಟೈಲರನ ಹೆಂಡತಿಯದು, ಹೋಟೆಲಿನವರ ಸೊಸೆಯದು. ಏನೂ ಇಲ್ಲ. ನಾಲ್ಕನೆಯದಕ್ಕೆ ಯಾರ ಹೆಸರೂ ಹೊಳೆಯದೆ, ಗುತ್ಯಪ್ಪ ಠಾಣೆಯ ಜೀಪು ಬಂದ ತಾರೀಖು ಹೇಳಿದ. ಶ್ರೀನಾಥ ವಧುವಿನ ಹೆಸರಿನ ಜಾಗದಲ್ಲಿ 'ಜೀಪು' ಎಂದೇ ಹೊಡೆದ. ಗಂಟೆಯ ಸದ್ದಾಯಿತು. ಈ ವಧು ಮನೆ ತುಂಬಿದರೆ ಅತ್ತೆಗೆ ಗಂಡಾಂತರ.

ಹೋಟೆಲಿನ ಯಜಮಾನರು ನಕ್ಕರು. ಟೈಲರ್ ನಗಲಿಲ್ಲ. ಕೊಟ್ರೇಶ್ ಮುಂದುವರಿಸಿ ಎಂದರು. ಅಲ್ಲಿಂದ ಎಣಿಸಿ ಏಳನೆಯದು ಅವರದೇ ಜನ್ಮದಿನ. ಮತ್ತೆ ಗಂಟೆ, ಮತ್ತೆ ಅದೇ ಮಾತು. ಅದಾಗಿ ಮತ್ತೆ ಏಳಕ್ಕೆ ಇನ್ನೊಂದು. ಗ್ರಹಗಳಿಗೂ ಆ ಕಿಟಕಿಗೂ ಸಂಬಂಧವೇ ಇರಲಿಲ್ಲ. ಪ್ರತಿ ಏಳನೆಯ ಹುಡುಗಿಗೆ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು, ಅಷ್ಟೆ. ಪಂಚನಾಮೆ ಬರೆದು ಸಹಿ ಹಾಕಿಸಿ, ಕಂಪ್ಯೂಟರು, ಫ್ಲಾಪಿ, ಅದು ಬಂದಿದ್ದ ಲಕೋಟೆ ಎಲ್ಲವನ್ನೂ ಜಪ್ತಿ ಮಾಡಿದರು. ಲಕೋಟೆಯ ಮೇಲೆ ಶಿಕಾರಿಪುರದ ಅಂಚೆ ಮುದ್ರೆ ಇತ್ತು.

ಅಂಚೆ ಪೆಟ್ಟಿಗೆ 14ನ್ನು ಪಡೆದವರು 'ಎ. ನಾಗಯ್ಯ, ಜ್ಯೋತಿಷಿ' ಎಂದು ಅರ್ಜಿಯಲ್ಲಿ ಬರೆದಿತ್ತು. ಕೊಟ್ಟ ವಿಳಾಸದಲ್ಲಿ ಭತ್ತದ ಗೋದಾಮು ಇತ್ತು. ಏಪ್ರಿಲ್ 26ರಿಂದ ಗುತ್ಯಪ್ಪ ಮಫ್ತಿಯಲ್ಲಿ ಅಂಚೆ ಕಚೇರಿಯ ಜಗಲಿ ಮೇಲೆ ಕೂತ. ಓದು ಬಾರದ ಮುದುಕಿಯರಿಗೆ ನಾಲ್ಕು ದಿನದಲ್ಲಿ ಒಂಬತ್ತು ಕಾರ್ಡು ಬರೆದುಕೊಟ್ಟ. 30ನೇ ತಾರೀಖು, ಶುಕ್ರವಾರ, ಮಧ್ಯಾಹ್ನ ಮೂರು ಐದಕ್ಕೆ ಹೆಂಗಸೊಬ್ಬರು ಬಂದು ಪೆಟ್ಟಿಗೆ ತೆರೆದು, ಎರಡು ಕಾಗದ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಬಸ್ ನಿಲ್ದಾಣ ದಾಟಿ ಟೈಪಿಂಗ್ ಇನ್ಸ್‌ಟಿಟ್ಯೂಟಿನ ಮೆಟ್ಟಿಲು ಹತ್ತಿದರು.

ಕೊಟ್ರೇಶ್ ಮಹಿಳಾ ಕಾನ್ಸ್‌ಟೇಬಲ್ ನಿರ್ಮಲಮ್ಮನನ್ನು ಕರೆದುಕೊಂಡು ನಾಲ್ಕು ಇಪ್ಪತ್ತಕ್ಕೆ ಅಲ್ಲಿಗೆ ಹೋದರು. ಅಕ್ಕನಾಗಮ್ಮ, ವಯಸ್ಸು ಮೂವತ್ತೆಂಟು, ಅವಿವಾಹಿತೆ. ಹದಿನೈದು ವರ್ಷ ಟೈಪಿಂಗ್, ಈಚೆಗೆ ಮೂರು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿದ್ದರು. ಪೊಲೀಸರನ್ನು ನೋಡಿ ಮಕ್ಕಳಿಗೆ ರಜೆ ಕೊಟ್ಟರು. ತಾವೇ ಬೀರುವಿನ ಬೀಗ ತೆಗೆದರು. ಹಿತ್ತಾಳೆ ತಗಡಿನ ಯಂತ್ರಗಳು ಇಪ್ಪತ್ತಾರು, ಖಾಲಿ ಫ್ಲಾಪಿಗಳ ಒಂದು ಪೆಟ್ಟಿಗೆ, ಸೊರಬ, ಸಾಗರ, ಹಿರೇಕೆರೂರು ಕಡೆಯಿಂದ ಬಂದ ಅರವತ್ತನಾಲ್ಕು ಕಾಗದಗಳು ಅದರಲ್ಲಿದ್ದವು. ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ದಾರ ಕಟ್ಟಿದ್ದರು.

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಪ್ರೋಗ್ರಾಂ ಬರೆದದ್ದು ನೀವೇನಾ?"

"ನಾನೇ ರೀ. ಪುಸ್ತಕ ತರಿಸಿಕೊಂಡು ಕಲಿತೆ."

"ಏಳಕ್ಕೊಂದು ಯಾಕೆ?"

"ಎಲ್ಲರಿಗೂ ಬಂದ್ರೆ ಯಾರೂ ನಂಬಲ್ಲ."

"ದುಡ್ಡಿಗೆ ಮಾಡಿದ್ದಲ್ವಾ?"

"ದುಡ್ಡಿಗೇ. ಅಲ್ಲ ಅಂದ್ರೆ ಸುಳ್ಳಾಗ್ತೈತಿ. ಅಣ್ಣನ ಮನೆಯ ಹಿಂದಿನ ಕೋಣೆ ಬಿಟ್ಟು ಬೇರೆ ಇರಬೇಕು ಅನ್ನಿಸಿತ್ತು."

"ಅತ್ತೆಗೆ ಗಂಡಾಂತರ ಅಂತಾನೇ ಯಾಕೆ ಹಾಕಿದ್ರಿ? ಬೇರೆ ಏನೂ ಸಿಗಲಿಲ್ವಾ?"

ಅಕ್ಕನಾಗಮ್ಮ ಮೊದಲ ಸಲ ತಲೆ ಎತ್ತಿದರು. "ಮೊದಲು ಬೇರೇನೇ ಇತ್ತು. ಮನೆಗೆ ಧನಹಾನಿ ಅಂತ ಹಾಕಿದ್ದೆ. ಬೈದು ಕಾಗದ ಬರೆದ್ರು ಸರ್. ನಿಂಗೆ ಯಾರು ಹೇಳಿದ್ದು, ಲೆಕ್ಕ ತೋರಿಸು, ಕೋರ್ಟಿಗೆ ಹಾಕ್ತೀವಿ ಅಂತ. ಆಮೇಲೆ ಅದನ್ನ ತೆಗೆದು ಅತ್ತೆ ಅಂತ ಹಾಕಿದೆ. ಅರವತ್ತನಾಲ್ಕು ಕಾಗದ ಬಂದ್ವು. ಓದಿ ನೋಡ್ರಿ. ಒಬ್ಬರೂ ಲೆಕ್ಕ ಕೇಳಿಲ್ಲ. ಯಂತ್ರ ಕಳಿಸಿ ಅಂತಾರೆ, ಬೇರೆ ಹುಡುಗಿ ನೋಡ್ತೀವಿ ಅಂತಾರೆ."

ಕೊಟ್ರೇಶ್ ಕಟ್ಟು ಬಿಚ್ಚಿದರು. ಹತ್ತು ಹನ್ನೆರಡು ಓದಿ ನಿಲ್ಲಿಸಿದರು. ಒಂದನ್ನು ಹುಡುಗಿಯೇ ಬರೆದಿದ್ದಳು. ಯಂತ್ರವನ್ನು ಅತ್ತೆಗೆ ಕಾಣದ ಹಾಗೆ ಎಲ್ಲಿ ಕಟ್ಟಿಕೊಳ್ಳಬೇಕು ಎಂದು ಕೇಳಿದ್ದಳು. ಅವರಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

"ನಂದು ಆಶ್ಲೇಷಾ ನಕ್ಷತ್ರ," ಎಂದರು ಅಕ್ಕನಾಗಮ್ಮ. "ಹದಿಮೂರು ಸಲ ನೋಡೋಕೆ ಬಂದಿದ್ರು. ನನಗೂ ಇದೇ ಮಾತು ಹೇಳಿದ್ದು. ನಮ್ಮಪ್ಪ ಒಂದ್ಸಲಾನೂ ಯಾಕೆ ಅಂತ ಕೇಳ್ಲಿಲ್ಲ. ತಾಂಬೂಲ ಕೊಟ್ಟು ಕಳಿಸೋರು. ಬೇರೆ ಇರೋಕೆ ಬೇಕಾದಷ್ಟು ದುಡ್ಡು ಆರು ತಿಂಗಳಲ್ಲೇ ಆಗಿತ್ತು ಸರ್. ಆಮೇಲೆ ನಾನು ಒಂದು ಕಾಗದಕ್ಕೆ ಕಾಯ್ತಿದ್ದೆ. ಇದು ನಿಜಾನಾ, ನಿಂಗೆ ಹೆಂಗೆ ಗೊತ್ತು ಅಂತ ಯಾರಾದ್ರೂ ಒಬ್ಬರು ಕೇಳ್ತಾರಾ ಅಂತ. ಕೇಳಿದ್ರೆ ಆವತ್ತೇ ನಿಲ್ಲಿಸ್ತಿದ್ದೆ."

"ಕಾಯ್ತಾ ಕೂತು ಎಷ್ಟು ಮನೆ ಹಾಳು ಮಾಡಿದ್ರಿ?"

ಅಕ್ಕನಾಗಮ್ಮ ಬಿಚ್ಚಿದ ಕಾಗದಗಳನ್ನು ಮತ್ತೆ ತಾರೀಖಿನ ಪ್ರಕಾರ ಜೋಡಿಸತೊಡಗಿದರು.

"ಒಬ್ಬಳು ಕೇಳಿದಾಳೆ," ಎಂದರು ಕೊಟ್ರೇಶ್. "ಕಾಗದ ಬರೀಲಿಲ್ಲ. ಇಲ್ಲಿಗೇ ಬಂದು ಕೇಳಿದಳು. ಪಂಪ್‌ಸೆಟ್ ಅಂಗಡಿ ಸದಾಶಿವಪ್ಪನವರ ಮಗಳು."

ಅಕ್ಕನಾಗಮ್ಮ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಗಂಗಾಶ್ರೀನಾ? ಅವಳಿಗೆ ಟೈಪಿಂಗ್ ಕಲಿಸಿದ್ದೇ ನಾನು. ಕಂಪ್ಯೂಟರೂ ನಾನೇ ಕಲಿಸಿದ್ದು." ಆಮೇಲೆ ನಿರ್ಮಲಮ್ಮ ತೋರಿಸಿದಲ್ಲಿ ಸಹಿ ಹಾಕಿದರು. ಬಂಧನ ಸಂಜೆ ಐದೂವರೆಗೆ ದಾಖಲಾಯಿತು.

ಸುಳ್ಳು ಎಂದು ಬರೆದುಕೊಡುವ ಪದ್ಧತಿ ಇಲಾಖೆಯಲ್ಲಿಲ್ಲ. ಕೊಟ್ರೇಶ್ ಪಂಚನಾಮೆಯ ನಕಲಿಗೆ ಠಾಣೆಯ ಸೀಲ್ ಹಾಕಿಸಿ, ಮೇ 2ರ ಭಾನುವಾರ ಸದಾಶಿವಪ್ಪನವರನ್ನು ಜೀಪಿನಲ್ಲಿ ಕೂರಿಸಿಕೊಂಡು ತಾವೇ ಸೊರಬಕ್ಕೆ ಹೊರಟರು. ಕಾನೂನಿನಲ್ಲಿ ಇದು ಅವರ ಕೆಲಸವಲ್ಲ. ಆದರೂ ಆ ಹುಡುಗಿ ಕೇಳಿದ್ದು ಒಂದೇ ಒಂದು ಕಾಗದ, ಅದು ಕೈಯಲ್ಲಿತ್ತು, ಮದುವೆಗೆ ಇನ್ನೂ ಹತ್ತು ದಿನವಿತ್ತು.

ಚನ್ನೇಶನ ತಾಯಿ ರಾಜೇಶ್ವರಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನು ಬೆಳೆಸಿದವರು. ಪಂಚನಾಮೆಯನ್ನು ಪೂರ್ತಿ ಓದಿದರು. ಜೀಪಿನ ಜಾತಕದ ಕಡೆಗೆ ಬಂದಾಗ ಅವರ ತುಟಿಯಲ್ಲೂ ನಗೆ ಬಂತು. ಸದಾಶಿವಪ್ಪನವರ ಮುಖಕ್ಕೆ ಅಷ್ಟರಿಂದಲೇ ಜೀವ ಬಂತು.

"ಸುಳ್ಳೇ ಸರ್. ನಂಗೆ ಅನುಮಾನ ಇಲ್ಲ," ಎಂದರು ರಾಜೇಶ್ವರಮ್ಮ. "ಆ ಹುಡುಗಿದು ಎಂತದೂ ತಪ್ಪಿಲ್ಲ."

"ಹಾಗಾದ್ರೆ ಇನ್ನೇನಮ್ಮಾ?"

"ಅವಳು ಮನೆಗೆ ಬಂದ್ಲು ಅಂತ ಇಟ್ಕಳಿ. ನಾಳೆ ನಂಗೆ ಒಂದು ಜ್ವರ ಬಂದ್ರೆ ನಾನು ಅವಳ ಮುಖ ನೋಡ್ತೆ. ನೋಡಬಾರದು ಅಂತ ಗೊತ್ತಿದ್ರೂ ನೋಡ್ತೆ. ನಾನು ನೋಡದು ಅವಳಿಗೂ ಗೊತ್ತಾಗ್ತು. ಅವಳು ದಿನಾ ನಂಗೆ ಜ್ವರ ಬರದೇ ಇರಲಿ ಅಂತ ಹೆದರಿಕೊಂಡು ಬದುಕಬೇಕಾ? ನಾನೂ ಒಂದು ಮನೆಗೆ ಸೊಸೆಯಾಗಿ ಬಂದವಳೇ ಸರ್."

ಕೊಟ್ರೇಶ್ ಚನ್ನೇಶನ ಕಡೆ ನೋಡಿದರು. ಅವನು ಪಂಚನಾಮೆಯನ್ನು ಮಡಚಿ ಸದಾಶಿವಪ್ಪನವರ ಕೈಗೆ ಕೊಟ್ಟು, "ಅಮ್ಮ ಹೇಳಿದ ಹಾಗೆ," ಎಂದ.

ವಾಪಸು ಬರುವಾಗ ಜೀಪು ಶಿರಾಳಕೊಪ್ಪ ದಾಟಿತು. ಆಮೇಲೆ ಸದಾಶಿವಪ್ಪ ಮೆಲ್ಲಗೆ ಕೆಮ್ಮಿದರು.

"ಸಾಹೇಬ್ರೇ, ಆ ಜಪ್ತಿ ಮಾಡಿದ ಯಂತ್ರ ಅದಾವಲ್ಲ. ಅದರಾಗ ಒಂದು ಸಿಗ್ತೈತೇನ್ರೀ?"

"ಅದು ಪಾತ್ರೆ ಅಂಗಡಿ ತಗಡು ಕಣ್ರೀ. ಕಣ್ಣಾರೆ ನೋಡಿದೀರಿ."

"ಗೊತ್ತೈತ್ರಿ. ಮುಂದೆ ಬರೋ ಸಂಬಂಧದವರಿಗೆ ತೋರಿಸಾಕ ಬೇಕಾಗ್ತೈತಿ."

ಕೊಟ್ರೇಶ್ ರಸ್ತೆ ನೋಡುತ್ತ ಕೂತರು. ಕಳ್ಳರನ್ನು ಹಿಡಿದಾಗ ಕಳುವಿನ ಮಾಲು ಸಿಗುತ್ತದೆ. ಇಲ್ಲಿ ಕಳ್ಳಿ ಸಿಕ್ಕಿದ್ದಳು, ಮಾಲು ಮಾತ್ರ ಯಾರ ಕೈಗೂ ಸಿಗದ ಕಡೆ ಹೋಗಿತ್ತು.

ಗಂಗಾಶ್ರೀ ಠಾಣೆಯ ಬೆಂಚಿನ ಮೇಲೆ ಕಾಯುತ್ತಿದ್ದಳು. ಅಪ್ಪನ ಮುಖ ನೋಡಿ, ಸೊರಬದಲ್ಲಿ ಏನಾಯಿತು ಎಂದು ಕೇಳಲಿಲ್ಲ. ಪಂಚನಾಮೆಯ ನಕಲನ್ನು ಇಸಿದುಕೊಂಡು ಸೀಲನ್ನು ಒಮ್ಮೆ ನೋಡಿದಳು.

"ಮಿಸ್ ಯಾಕೆ ಹಿಂಗೆ ಮಾಡಿದ್ರಂತೆ ಸರ್?"

ಕೊಟ್ರೇಶ್ ಹದಿಮೂರು ಸಲ ನೋಡಲು ಬಂದಿದ್ದನ್ನು ಹೇಳಿದರು. ಅರವತ್ತನಾಲ್ಕು ಕಾಗದಗಳನ್ನು ಹೇಳಿದರು. ಯಾರಾದರೂ ಒಬ್ಬರು ಇದು ನಿಜವೇ ಎಂದು ಕೇಳಲಿ ಅಂತ ಆಕೆ ಕಾಯುತ್ತಿದ್ದಳಂತೆ, ಎಂದರು.

"ನಾನು ಕೇಳಿದೆನಲ್ಲ ಸರ್," ಎಂದಳು ಗಂಗಾಶ್ರೀ. "ಕೇಳಿ ಏನಾಯ್ತು?"